ಒಂದೇ ಗಾಳಿಯ ಸಂಗೀತ

ಉಸಿರಿನಿಂದ ಉಸಿರಿಗೆ ಹರಡುವ ವ್ಯಾಧಿಯೊಂದು ಲೋಕವನ್ನೆಲ್ಲ ವ್ಯಾಪಿಸಿ, ನೆರೆಯವರು ನೆರೆಯವರನ್ನು ಸಮೀಪಿಸಲು ಅಂಜುವಂತಾಗಿ, ಕಡೆಗೆ ಮಕ್ಕಳೇ ವೃದ್ಧ ತಂದೆತಾಯಿಗಳ ಕೋಣೆಯ ಹೊಸ್ತಿಲಾಚೆ ನಿಂತು ಕ್ಷೇಮಸಮಾಚಾರ ಕೇಳುವಂತಾದ 2020, 2021ರ ಆ ಎರಡು ವರ್ಷಗಳಲ್ಲಿ, ಅನ್ನದ ಅಭಾವ, ಔಷಧದ ಅಭಾವ, ಆಮ್ಲಜನಕದ ಅಭಾವ ಇವುಗಳನ್ನು ಕುರಿತು ಆಡಬೇಕಾದ ಮಾತುಗಳನ್ನು ಬಲ್ಲವರು ಆಡಿದ್ದಾರೆ, ಬರೆಯಬೇಕಾದುದನ್ನು ಬರೆದಿದ್ದಾರೆ. ಪ್ರಾಣಕ್ಕೇ ಸಂಚಕಾರ ಬಂದಿರುವಾಗ ಸಂಗೀತದ ಅಭಾವವನ್ನು ಕುರಿತು ಸೊಲ್ಲೆತ್ತುವುದು ಸಲ್ಲದೆಂಬ ಸಂಕೋಚದಿಂದ ನನ್ನಂತಹ ಅನೇಕರು ಮೌನವಾಗಿದ್ದೆವು. ಆದರೆ ಸಭಾಂಗಣಗಳ ಬಾಗಿಲುಗಳು ಒಂದೊಂದಾಗಿ ತೆರೆದು, ಜನಜೀವನವು ಹಿಂದಿನ ಜಾಡಿಗೆ ಮರಳಿದ ಮೇಲೆಯೂ ಆ ಮೌನವನ್ನು ಮುರಿಯದಿದ್ದರೆ, ಮುಖ್ಯವಾದ ಸಂಗತಿಯೊಂದು ಹೇಳದೆಯೇ ಉಳಿದುಹೋದೀತೆಂದು ನನಗೆ ತೋರುತ್ತದೆ. ಸಂಗೀತವೆಂಬುದು ಧ್ವನಿಮುದ್ರಿಕೆಗಳಲ್ಲಿಯೂ ಅಂಗೈಯೊಳಗಿನ ಫೋನಿನಲ್ಲಿಯೂ ಶೇಖರವಾಗಿದ್ದು, ಬೇಕೆಂದಾಗ ಹೊರಗೆ ತೆಗೆಯಬಹುದಾದ ಸರಕು ಎಂಬ ಭಾವನೆ ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಬಲವಾಗುತ್ತ ಬಂದಿತ್ತು. ಒಂದೇ ಗಾಳಿಯನ್ನು ಉಸಿರಾಡುತ್ತ ಒಂದೆಡೆ ಕೂಡಿದ ಮನುಷ್ಯರ ನಡುವೆ ಮಾತ್ರವೇ ಅದು ಹುಟ್ಟುತ್ತದೆಂಬುದನ್ನು ಈ ಮಹಾಮಾರಿ ನಮಗೆ ಕಠೋರವಾಗಿ ತಿಳಿಸಿಕೊಟ್ಟಿತು.

ನಾನು ಬಹುಕಾಲದಿಂದ ಜಾಜ್ ಸಂಗೀತವನ್ನು ಪ್ರೀತಿಯಿಂದ ಕೇಳುತ್ತ ಬಂದವನು. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಬೆಳಗ್ಗೆ ಎದುರುಮನೆಯ ಸುಪ್ರಭಾತವನ್ನೂ ಸಂಜೆ ಪಕ್ಕದ ಮನೆಯ ಪಿಟೀಲು ಪಾಠವನ್ನೂ ಕೇಳುತ್ತ ಬೆಳೆದವನಿಗೆ, ಮಿಸಿಸಿಪಿ ನದಿಯ ದಂಡೆಯ ನ್ಯೂ ಆರ್ಲಿಯನ್ಸ್ ಪಟ್ಟಣದ ಕಪ್ಪು ಜನರ ಕೇರಿಗಳಲ್ಲಿ ಹುಟ್ಟಿದ ಈ ಸಂಗೀತದಲ್ಲಿ ಅಷ್ಟೇನು ಅಕ್ಕರೆ ಎಂದು ಕೇಳುವವರುಂಟು. ಕರ್ಣಾಟಕ ಸಂಗೀತದ ಕಚೇರಿಗಳನ್ನು ಕೇಳಿದವನಿಗೆ ಅದು ದೂರದ ವಸ್ತುವೇ ಅಲ್ಲವೆಂಬುದು ನನ್ನ ಉತ್ತರ. ಗಾಯಕನು ಕೃತಿಯ ಒಂದು ಸಾಲನ್ನು ಹಿಡಿದು ನೆರವಲ್ ಮಾಡುತ್ತಿರುವಾಗ ಪಕ್ಕವಾದ್ಯದವರು ಅವನ ಮುಂದಿನ ಹೆಜ್ಜೆಯನ್ನು ಊಹಿಸುತ್ತ, ಒಮ್ಮೊಮ್ಮೆ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿ ಕಾಯುತ್ತ ಹೋಗುವ ಪರಸ್ಪರಾವಧಾನವುಂಟಷ್ಟೆ, ಜಾಜ್ ಸಂಗೀತದ ಜೀವಾಳವೂ ಅದೇ. ಅಲ್ಲಿ ಹಾಡೊಂದು ನೆಪ. ಅದರ ಸ್ವರಾಧಾರಗಳ ಮೇಲೆ ಆಯಾ ಕ್ಷಣಕ್ಕೆ ಮನಸ್ಸಿಗೆ ಹೊಳೆದುದನ್ನು ನುಡಿಸುವುದು, ಜೊತೆಗಾರನು ನುಡಿಸಿದುದನ್ನು ಕೇಳಿ ತನ್ನ ದಾರಿಯನ್ನು ಬದಲಿಸಿಕೊಳ್ಳುವುದು, ಇದೇ ಮುಖ್ಯವಾದುದು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಅದೇ ವಾದ್ಯದಲ್ಲಿ ಕರ್ಣಾಟಕ ಸಂಗೀತವನ್ನು ನುಡಿಸುತ್ತಿದ್ದ ನಮ್ಮ ಕದ್ರಿ ಗೋಪಾಲನಾಥರೊಡನೆ ವೇದಿಕೆಯ ಮೇಲೆ ಕೂಡಿ ನುಡಿಸಲು ಸಾಧ್ಯವಾದದ್ದು ಈ ಗುಣದಿಂದ. ಅಂತೆಯೇ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ 1983ರಲ್ಲಿ ನಮ್ಮ ಊರಿನ ಆರ್.ಎ. ರಮಾಮಣಿಯವರ ಕಂಠದೊಡನೆಯೂ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಲಯವಾದ್ಯಗಳೊಡನೆಯೂ ಸೇರಿ ‘ಜ್ಯೋತಿ’ಯೆಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದಾಗ, ಎರಡು ಸಂಪ್ರದಾಯಗಳ ನಡುವಣ ಅಂತರವನ್ನು ದಾಟಿಸಿದ್ದು ಶಾಸ್ತ್ರಜ್ಞಾನಕ್ಕಿಂತ ಹೆಚ್ಚಾಗಿ ಈ ಕೇಳುವ ಗುಣವೇ.

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೇಲೆ, ನಗರಕ್ಕೆ ಒದಗಿದ ನಿಶ್ಶಬ್ದವನ್ನು ಅನೇಕರು ಕೊಂಡಾಡಿದರು. ಹಕ್ಕಿಗಳ ಕೂಗು ಮತ್ತೆ ಕಿವಿಗೆ ಬೀಳುತ್ತಿದೆಯೆಂದು ಹರ್ಷಪಟ್ಟರು. ನನಗೆ ಆ ನಿಶ್ಶಬ್ದವು ಹಿತವೆನಿಸಲಿಲ್ಲ. ಕೆಲಸ ಕಳೆದುಕೊಂಡು, ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು ಹೆದ್ದಾರಿಯಗುಂಟ ಊರಿಗೆ ನಡೆದುಹೋಗುತ್ತಿದ್ದವರ ಹೆಜ್ಜೆಯ ಸಪ್ಪಳವೂ ನಮಗೆ ಕೇಳಿಸದಷ್ಟು ಅದು ದಟ್ಟವಾಗಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವಕ್ಕೆಂದು ಏಳುತ್ತಿದ್ದ ಚಪ್ಪರವು ಆ ಏಪ್ರಿಲಿನಲ್ಲಿ ಏಳಲಿಲ್ಲ. ಹಗಲೆಲ್ಲ ಸಾವಿನ ಅಂಕೆಗಳನ್ನು ಕೇಳಿ ದಣಿದ ಮನಸ್ಸಿಗೆ, ರಾತ್ರಿ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಬೀದಿಯ ದೀಪದ ಬೆಳಕು ಕಿಟಕಿಯಿಂದ ಒಳಗೆ ಬೀಳುತ್ತಿದ್ದ ಹೊತ್ತಿನಲ್ಲಿ, ಧ್ವನಿಮುದ್ರಿಕೆಗಳೇ ಆಸರೆಯಾದವು.

ಅವುಗಳಲ್ಲಿ ಒಂದನ್ನು ಕುರಿತು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪಿಯಾನೋ ವಾದಕ ಬಿಲ್ ಇವಾನ್ಸ್, ಬಾಸ್ ವಾದಕ ಸ್ಕಾಟ್ ಲಫಾರೋ, ಡ್ರಮ್ಸ್ ವಾದಕ ಪಾಲ್ ಮೋಶಿಯನ್ ಈ ಮೂವರು ಮಧ್ಯಾಹ್ನದಿಂದ ರಾತ್ರಿಯವರೆಗೆ ನುಡಿಸಿದುದನ್ನು ಧ್ವನಿಮುದ್ರಣ ಮಾಡಲಾಯಿತು. ಮೊದಲನೆಯ ವಾದನದ ನಡುವೆ ವಿದ್ಯುತ್ತು ಕೈಕೊಟ್ಟು ಮುದ್ರಣವು ಕ್ಷಣಕಾಲ ತುಂಡಾಗಿರುವುದನ್ನೂ ಪೂರ್ಣ ಆವೃತ್ತಿಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಈ ಮುದ್ರಿಕೆಯ ಪಿಯಾನೋ ಮತ್ತು ಬಾಸ್ ವಾದನಗಳ ಸರಸ ಸಂಭಾಷಣೆಯನ್ನು ವಿಮರ್ಶಕರು ಹೊಗಳಿ ಬರೆದಿರುವುದಕ್ಕೆ ಲೆಕ್ಕವಿಲ್ಲ. ಆದರೆ ಗೃಹಬಂಧನದ ಆ ರಾತ್ರಿಗಳಲ್ಲಿ ನನ್ನ ಕಿವಿ ಹುಡುಕುತ್ತಿದ್ದುದು ಬೇರೊಂದನ್ನು. ಮೇಜಿನ ಮೇಲೆ ಗಾಜಿನ ಲೋಟ ಇಟ್ಟ ಸದ್ದು, ಮಂಜುಗಡ್ಡೆಯ ಕಿಣಿಕಿಣಿ, ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ನಕ್ಕದ್ದು, ಯಾರೋ ತಗ್ಗಿದ ದನಿಯಲ್ಲಿ ಜೊತೆಯವರಿಗೆ ಏನನ್ನೋ ಹೇಳಿದ್ದು, ಹಾಡು ಮುಗಿದಾಗ ಬಿದ್ದ ಬೆರಳೆಣಿಕೆಯ ಚಪ್ಪಾಳೆಗಳು. ಆ ಸದ್ದುಗಳನ್ನು ಹಿಂದೆ ಸಂಗೀತಕ್ಕೆ ಅಡ್ಡಬರುವ ಕಸವೆಂದು ಭಾವಿಸಿದವರುಂಟು. ಆ ದಿನಗಳಲ್ಲಾದರೋ ಅವೇ ಅಮೂಲ್ಯವಾಗಿ ಕೇಳಿಸಿದವು. ಅಪರಿಚಿತರು ಭಯವಿಲ್ಲದೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೆಂಬುದಕ್ಕೆ, ನುಡಿಸುವವರ ಮೌನದೊಡನೆ ಕೇಳುವವರ ಉಸಿರೂ ಬೆರೆತಿತ್ತೆಂಬುದಕ್ಕೆ ಅವು ಸಾಕ್ಷಿ. ಅದಾದ ಹನ್ನೊಂದನೆಯ ದಿನ, ಜುಲೈ 6ರಂದು, ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ. ಅವನಿಗಾಗ ಇಪ್ಪತ್ತೈದು ವರ್ಷ. ಇವಾನ್ಸ್ ತಿಂಗಳುಗಟ್ಟಲೆ ಸಾರ್ವಜನಿಕವಾಗಿ ನುಡಿಸಲಾರದೆ ಹೋದ.

1935ರಲ್ಲಿ ಮ್ಯಾಕ್ಸ್ ಗಾರ್ಡನ್ ಸ್ಥಾಪಿಸಿದ ಆ ವ್ಯಾನ್‌ಗಾರ್ಡ್ ಕ್ಲಬ್ಬು, ಮಹಾಯುದ್ಧದ ಕಾಲದಲ್ಲಿಯೂ ಸಂಗೀತವನ್ನು ನಿಲ್ಲಿಸದೆ ನಡೆದುಬಂದದ್ದು, 2020ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು. ಜೂನಿನಿಂದ ಅಲ್ಲಿಯ ವಾದನಗಳನ್ನು ಅಂತರಜಾಲದ ಮೂಲಕ ಬಿತ್ತರಿಸತೊಡಗಿದರು. ಖಾಲಿ ಕುರ್ಚಿಗಳೆದುರು ಕಲಾವಿದರು ನುಡಿಸುವರು. ಹಾಡು ಮುಗಿದೊಡನೆ ಚಪ್ಪಾಳೆ ಬರಬೇಕಾದ ಜಾಗದಲ್ಲಿ ಏನೂ ಬಾರದೆ, ಅವರು ಒಬ್ಬರ ಮುಖವನ್ನೊಬ್ಬರು ನೋಡಿ ತಲೆದೂಗಿ ಮುಂದಿನ ಹಾಡಿಗೆ ಹೋಗುವರು. ಇಲ್ಲಿ ನಮ್ಮ ನಸುಕಿನಲ್ಲಿ ಎದ್ದು ಕೂತು ಅದನ್ನು ನೋಡುತ್ತಿದ್ದ ನನಗೆ, ಸಹೃದಯನಿಲ್ಲದೆ ರಸವಿಲ್ಲವೆಂದು ನಮ್ಮ ಆಲಂಕಾರಿಕರು ಹೇಳಿದ ಮಾತು ಗ್ರಂಥದಲ್ಲಿ ಓದಿದಾಗ ತಿಳಿದುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ತಿಳಿಯಿತು. ಒಂದು ‘ಭಲೆ’, ಒಂದು ನಿಟ್ಟುಸಿರು, ಮುಂದಿನ ಸಾಲಿನ ಮುದುಕರೊಬ್ಬರ ತೂಗುವ ತಲೆ, ಇಷ್ಟರಿಂದಲೇ ಕಲಾವಿದನ ಮನೋಧರ್ಮವು ಹೊಸ ಹಾದಿಗೆ ಹೊರಳುವುದನ್ನು ಕಚೇರಿ ಕೇಳಿದವರೆಲ್ಲ ಬಲ್ಲರು.

ಹಾಗಾದರೆ ವಾದಕರು ತಂತಮ್ಮ ಮನೆಗಳಲ್ಲಿಯೇ ಕೂತು ಅಂತರಜಾಲದ ಮೂಲಕ ಕೂಡಿ ನುಡಿಸಬಾರದಿತ್ತೆ ಎಂದು ಕೇಳಬಹುದು. ಅದಕ್ಕೆ ಪ್ರಕೃತಿಯೇ ಅಡ್ಡಿಯಾಗಿದೆ. ಗಾಳಿಯಲ್ಲಿ ಒಂದು ಮೀಟರು ದೂರವನ್ನು ಕ್ರಮಿಸಲು ಶಬ್ದಕ್ಕೆ ಸುಮಾರು 3 ಮಿಲಿಸೆಕೆಂಡು ಬೇಕು. ವೇದಿಕೆಯ ಮೇಲೆ ನಾಲ್ಕಾರು ಅಡಿ ಅಂತರದಲ್ಲಿ ಕೂತವರ ನಡುವೆ ಅದು ಲೆಕ್ಕಕ್ಕಿಲ್ಲ. ಈ ವಿಳಂಬವು 25-30 ಮಿಲಿಸೆಕೆಂಡನ್ನು ಮೀರಿದರೆ ಲಯವು ಸಡಿಲಗೊಳ್ಳುತ್ತದೆ. ದೂರದ ಊರುಗಳ ನಡುವಣ ವೀಡಿಯೋ ಕರೆಯಲ್ಲಾದರೋ ಅದು ನೂರನ್ನೂ ಮೀರುವುದುಂಟು. ಇದರ ಪರಿಣಾಮವನ್ನು ನಾನು ಪಕ್ಕದ ಮನೆಯಲ್ಲಿಯೇ ಕಂಡೆ. ಆ ಮನೆಯ ಪಿಟೀಲು ಮೇಷ್ಟರು ಮೈಸೂರಿನ ಶಿಷ್ಯೆಯೊಬ್ಬಳಿಗೆ ಫೋನನ್ನು ಗೋಡೆಗೆ ಒರಗಿಸಿಟ್ಟುಕೊಂಡು ವರ್ಣದ ಪಾಠ ಹೇಳುತ್ತಿದ್ದರು. ಎಂದಿನಂತೆ ಅವಳೊಡನೆ ತಾವೂ ನುಡಿಸಹೊರಟರೆ, ಅವಳ ಕಮಾನಿನ ಎಳೆತವು ಇವರ ಪೆಟ್ಟಿಗಿಂತ ಹಿಂದೆ ಬೀಳುವುದು. ಇವರು ನಿಧಾನಿಸಿದರೆ ಅವಳೂ ನಿಧಾನಿಸುವಳು. ಒಂದೆರಡು ಆವರ್ತಗಳಲ್ಲಿಯೇ ವರ್ಣವು ನಿಂತುಹೋಗುವುದು. “ನಿಲ್ಲಿಸಮ್ಮ, ತಪ್ಪು ನಿನ್ನದಲ್ಲ,” ಎಂದು ಹೇಳಿ ಅವರು ತಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿರಿಸಿ ಮುಚ್ಚಳ ಹಾಕಿದರು. “ಕಾಲಲ್ಲೇ ತಾಳ ಹಾಕಿಕೊಂಡು ನೀನೊಬ್ಬಳೇ ನುಡಿಸು, ನಾನು ಕೇಳುತ್ತೇನೆ.” ಪಾಠವೇನೋ ಮುಂದುವರಿಯಿತು, ಗುರುಶಿಷ್ಯರು ಕೂಡಿ ನುಡಿಸುವ ಸುಖವು ಮಾತ್ರ ಒಂದೂವರೆ ವರ್ಷ ಆ ಮನೆಯಿಂದ ಮರೆಯಾಯಿತು.

ಜಾಜ್ ಲೋಕದಲ್ಲಿ ಆದದ್ದೂ ಇದೇ. ಕೂಡಿ ನುಡಿಸುವುದಕ್ಕಾಗಿಯೇ ಹುಟ್ಟಿದ ಕಲೆಯು ಒಂಟಿಯಾಯಿತು. ಪಿಯಾನೋ ವಾದಕ ಬ್ರ್ಯಾಡ್ ಮೆಲ್ಡಾವ್ ಹಾಲೆಂಡಿನಲ್ಲಿ ಕುಟುಂಬದೊಡನೆ ಸಿಕ್ಕಿಕೊಂಡಿದ್ದಾಗ ‘ಸೂಟ್: ಏಪ್ರಿಲ್ 2020’ ಎಂಬ ಏಕಾಂಗಿ ವಾದನದ ಮಾಲಿಕೆಯನ್ನು ರಚಿಸಿದ. ಮುಂಜಾವಿನ ಎಚ್ಚರ, ಬಾಗಿಲಾಚೆಗೆ ಒಂದು ಹೆಜ್ಜೆ, ಅಡುಗೆಮನೆ, ಮನೆಮಂದಿಯ ಸಾಮರಸ್ಯ, ಜೋಗುಳ ಹೀಗೆ ಬಂದಿಯಾದ ಸಂಸಾರಿಯ ದಿನಚರಿಯೇ ಅದರ ವಸ್ತು. ಮತ್ತೊಬ್ಬ ಪಿಯಾನೋ ವಾದಕ ಫ್ರೆಡ್ ಹರ್ಷ್ ಪೆನ್ಸಿಲ್ವೇನಿಯದ ತನ್ನ ಮನೆಯಿಂದ ದಿನಕ್ಕೊಂದು ಹಾಡನ್ನು ಅಂತರಜಾಲದಲ್ಲಿ ನುಡಿಸಿದ. 2008ರಲ್ಲಿ ಎರಡು ತಿಂಗಳ ಕಾಲ ಪ್ರಜ್ಞಾಶೂನ್ಯನಾಗಿ ಆಸ್ಪತ್ರೆಯಲ್ಲಿ ಮಲಗಿದ್ದು ಮರಳಿ ಬಂದವನಾದ್ದರಿಂದ, ಆ ವಾದನದಲ್ಲಿ ಅವಸರದ ಲವಲೇಶವೂ ಇರಲಿಲ್ಲ. ಇವೆರಡೂ ಸುಂದರವಾದ ಕೃತಿಗಳು. ಆದರೂ ಹಾರ್ಲೆಮಿನ ತನ್ನ ಚಿಕ್ಕ ಮನೆಯ ಹಜಾರದಲ್ಲಿ ಬಾಸ್ ಮತ್ತು ಡ್ರಮ್ಸ್ ವಾದಕರನ್ನು ಕೂಡಿಸಿಕೊಂಡು ವಾರವಾರವೂ ನುಡಿಸಿ ಬಿತ್ತರಿಸಿದ ಎಮೆಟ್ ಕೊಹೆನ್ ಎಂಬ ತರುಣ ಪಿಯಾನೋ ವಾದಕನ ಗೋಷ್ಠಿಗಳೇ ನನಗೆ ಹೆಚ್ಚು ಪ್ರಿಯವಾದವು. ಮೂವರು ಒಂದೇ ಕೋಣೆಯಲ್ಲಿದ್ದರು. ಒಬ್ಬನ ಚಮತ್ಕಾರಕ್ಕೆ ಇನ್ನೊಬ್ಬನು ಫಕ್ಕನೆ ನಕ್ಕುಬಿಡುವುದು ಕಾಣುತ್ತಿತ್ತು.

ಈ ಪಿಡುಗು ಜಾಜ್ ಸಂಗೀತದಿಂದ ಕಿತ್ತುಕೊಂಡ ಪ್ರಾಣಗಳನ್ನು ನೆನೆಯುವಾಗ 2020ರ ವಸಂತವು ಭೀಕರವಾಗಿ ಕಾಣುತ್ತದೆ. ಮಾರ್ಚ್ 31ರಂದು, 1991ರಲ್ಲಿ ಮಾಂಟ್ರೋ ಜಾಜ್ ಉತ್ಸವದ ವೇದಿಕೆಯ ಮೇಲೆ ಮೈಲ್ಸ್ ಡೇವಿಸನ ಪಕ್ಕದಲ್ಲಿ ನಿಂತು ನುಡಿಸಿದ್ದ ಟ್ರಂಪೆಟ್ ವಾದಕ ವಾಲೇಸ್ ರೋನಿ; ಮರುದಿನ ನ್ಯೂ ಆರ್ಲಿಯನ್ಸಿನ ಪಿಯಾನೋ ವಾದಕ ಎಲ್ಲಿಸ್ ಮಾರ್ಸಾಲಿಸ್; ಏಪ್ರಿಲ್ 15ರಂದು ಒಂದೇ ದಿನ ಸ್ಯಾಕ್ಸೋಫೋನ್ ವಾದಕ ಲೀ ಕೊನಿಟ್ಸ್ ಮತ್ತು ಹೆನ್ರಿ ಗ್ರೈಮ್ಸ್ ತೀರಿಕೊಂಡರು. ಈ ಗ್ರೈಮ್ಸ್ ಎಂಬ ಬಾಸ್ ವಾದಕನು 1960ರ ದಶಕದ ಕೊನೆಗೆ ಕಣ್ಮರೆಯಾಗಿ, ಸತ್ತನೆಂದೇ ಲೋಕವು ನಂಬಿದ್ದಾಗ, 2002ರಲ್ಲಿ ಲಾಸ್ ಏಂಜಲೀಸಿನ ಒಂಟಿ ಕೋಣೆಯಲ್ಲಿ ಪತ್ತೆಯಾಗಿದ್ದನು. ಮತ್ತೊಬ್ಬ ವಾದಕನು ಕೊಟ್ಟ ಬಾಸನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕೈಗೆತ್ತಿಕೊಂಡು, ಮತ್ತೆ ಗೆಳೆಯರ ನಡುವೆ ನಿಂತು ನುಡಿಸತೊಡಗಿದ್ದನು.

ಎಲ್ಲಿಸ್ ಮಾರ್ಸಾಲಿಸರ ಮರಣವು ನನ್ನನ್ನು ಬಹುವಾಗಿ ಕಲಕಿತು. ವಿಂಟನ್, ಬ್ರ್ಯಾನ್‌ಫರ್ಡ್ ಮೊದಲಾದ ಪ್ರಖ್ಯಾತ ಪುತ್ರರ ತಂದೆಯಾಗಿದ್ದುದಕ್ಕಿಂತ ಹೆಚ್ಚಾಗಿ, ಊರು ಬಿಟ್ಟು ಕೀರ್ತಿಯನ್ನರಸಿ ಹೋಗದೆ ತಲೆಮಾರುಗಳ ಮಕ್ಕಳಿಗೆ ಪಾಠ ಹೇಳಿದ ಗುರು ಆತ. ಮೂರು ದಶಕಗಳ ಕಾಲ ಶುಕ್ರವಾರದ ರಾತ್ರಿಗಳಲ್ಲಿ ಸ್ನಗ್ ಹಾರ್ಬರ್ ಎಂಬ ಸಣ್ಣ ಕ್ಲಬ್ಬಿನಲ್ಲಿ ನುಡಿಸಿದರು. ನ್ಯೂ ಆರ್ಲಿಯನ್ಸಿನಲ್ಲಿ ವಾದಕನು ತೀರಿಕೊಂಡರೆ ಊರಿಗೆ ಊರೇ ವಾದ್ಯಗಳೊಡನೆ ಬೀದಿಗಿಳಿಯುವುದು ಸಂಪ್ರದಾಯ. ಸ್ಮಶಾನದವರೆಗೆ ಶೋಕದ ವಿಲಂಬಗತಿ, ದೇಹವನ್ನು ಬೀಳ್ಕೊಟ್ಟ ಬಳಿಕ ಕುಣಿಸುವ ದ್ರುತಗತಿ. ಜಾಜ್ ಸಂಗೀತದ ಬೇರುಗಳಲ್ಲೊಂದು ಆ ಮೆರವಣಿಗೆಯಲ್ಲಿಯೇ ಇದೆ. ತನ್ನ ಗುರುವಿಗೆ ಆ ಊರು ಆಗ ಮೆರವಣಿಗೆಯನ್ನು ಸಲ್ಲಿಸಲಾಗಲಿಲ್ಲ; ಜನ ಕೂಡುವುದು ನಿಷಿದ್ಧವಾಗಿತ್ತು. ಮರುವರ್ಷ ನಮ್ಮ ಬೆಂಗಳೂರಿನ ಹೊರವಲಯದಲ್ಲಿ, ಗಿಡ್ಡೇನಹಳ್ಳಿಯಲ್ಲಿಯೂ ತಾವರೆಕೆರೆಯಲ್ಲಿಯೂ, ಬಯಲಿನಲ್ಲಿ ಸಾಲುಚಿತೆಗಳು ಉರಿದಾಗ, ತಮಟೆಯಿಲ್ಲದೆ, ಶಂಖಜಾಗಟೆಗಳಿಲ್ಲದೆ, ಹೆಗಲು ಕೊಡಲು ನಾಲ್ವರಿಲ್ಲದೆ ಹೋದವರನ್ನು ಕಂಡವರಿಗೆ, ಆ ಊರಿನ ಸಂಕಟವನ್ನು ವಿವರಿಸಬೇಕಾಗಿಲ್ಲ.

ಲೀ ಕೊನಿಟ್ಸ್ ತೀರಿಕೊಂಡಾಗ ಅವನ ವಯಸ್ಸು ತೊಂಬತ್ತೆರಡು. 1949-50ರಲ್ಲಿ ಮೈಲ್ಸ್ ಡೇವಿಸನ ‘ಬರ್ತ್ ಆಫ್ ದಿ ಕೂಲ್’ ಮುದ್ರಣಗಳಲ್ಲಿ ನುಡಿಸಿದವರ ಪೈಕಿ ಬದುಕುಳಿದಿದ್ದ ಕೊನೆಯವನು ಅವನೇ. ಅವನ ಸಾಧನೆಯಲ್ಲಿ ವಿಶಿಷ್ಟವಾದುದೊಂದುಂಟು. ಏಳು ದಶಕಗಳಿಗೂ ಮಿಗಿಲಾಗಿ, ‘ಆಲ್ ದ ಥಿಂಗ್ಸ್ ಯು ಆರ್’ ಮೊದಲಾದ ಹಿಡಿಯಷ್ಟು ಹಳೆಯ ಹಾಡುಗಳಿಗೇ ಅವನು ಮತ್ತೆ ಮತ್ತೆ ಮರಳಿದನು. ವಿದ್ಯಾರ್ಥಿಗಳಿಗೂ ಅವನ ಬೋಧನೆ ಅದೇ: ಮೊದಲು ಹಾಡನ್ನು ಇದ್ದಂತೆಯೇ ಶುದ್ಧವಾಗಿ ನುಡಿಸಬೇಕು, ಆಮೇಲೆ ಅಲ್ಲೊಂದು ಇಲ್ಲೊಂದು ಸ್ವರವನ್ನು ಅಲುಗಿಸಬೇಕು, ಹೀಗೆ ಮೆಟ್ಟಲು ಮೆಟ್ಟಲಾಗಿ ಹೋಗಿ, ಕಡೆಗೆ ಅದೇ ಅಡಿಪಾಯದ ಮೇಲೆ ಸಂಪೂರ್ಣವಾಗಿ ಹೊಸತೊಂದನ್ನು ಎಬ್ಬಿಸಬೇಕು. ಅದೇ ನಾಲ್ಕು ಗೋಡೆ, ಅದೇ ಕಿಟಕಿ, ಅದೇ ಅನ್ನಸಾರು, ಅವೇ ಮುಖಗಳು ಎಂದು ನಾವು ಬೇಸತ್ತಿದ್ದ ದಿನಗಳಲ್ಲಿ ಕೊನಿಟ್ಸನ ಒಂದೇ ಹಾಡಿನ ಹಲವು ದಶಕಗಳ ಮುದ್ರಿಕೆಗಳನ್ನು ಸಾಲಾಗಿ ಕೇಳಿದೆ. ತಾರುಣ್ಯದಲ್ಲಿ ಚೂಪಾಗಿ, ತಣ್ಣಗೆ ಹರಿಯುತ್ತಿದ್ದ ಸ್ವರವು ನಡುವಯಸ್ಸಿನಲ್ಲಿ ಒರಟಾಗುತ್ತ, ವೃದ್ಧಾಪ್ಯದಲ್ಲಿ ಕೆಲವೇ ಸ್ವರಗಳಿಗೆ ಇಳಿದು, ನಡುನಡುವೆ ದೀರ್ಘವಾಗಿ ನಿಂತು ಯೋಚಿಸುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಒಂದೇ ಕಲ್ಯಾಣಿಯನ್ನು ಆಯುಷ್ಯವೆಲ್ಲ ಹಾಡಿ ಮುಗಿಸಲಾರದ ವಿದ್ವಾಂಸರ ನಾಡಿನವರಿಗೆ ಈ ನಿಷ್ಠೆ ಅಪರಿಚಿತವಲ್ಲ. ಆ ಬೇಸರದ ದಿನಗಳನ್ನು ನಾನು ದಾಟಿದುದರಲ್ಲಿ ಕೊನಿಟ್ಸನಿಗೆ ನನ್ನ ಋಣ ದೊಡ್ಡದು.

ಇಂತಹ ಕಾಲವನ್ನು ಜಾಜ್ ಸಂಗೀತವು ತನ್ನ ಶೈಶವದಲ್ಲಿಯೇ ಒಮ್ಮೆ ಕಂಡಿತ್ತು. 1918ರ ಇನ್‌ಫ್ಲುಯೆಂಜಾ ಅಮೆರಿಕವನ್ನು ಆವರಿಸಿದಾಗ, ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂ ಆರ್ಲಿಯನ್ಸಿನಲ್ಲಿ ಕಲ್ಲಿದ್ದಲ ಗಾಡಿ ಹೊಡೆಯುತ್ತ, ರಾತ್ರಿ ಸಾಮಾನ್ಯ ಪಾನಗೃಹಗಳಲ್ಲಿ ಕಾರ್ನೆಟ್ ಊದುತ್ತಿದ್ದ ಹದಿನೇಳರ ಹುಡುಗ. ಜನ ಕೂಡುವ ಸ್ಥಳಗಳೆಲ್ಲ ಮುಚ್ಚಿದವು. ಸಿಕ್ಕಿದ ಕೂಲಿಯನ್ನು ಮಾಡುತ್ತ, ಜ್ವರದಿಂದ ಮಲಗಿದ್ದ ಮನೆಯವರಿಗೂ ಕೇರಿಯ ಗೆಳೆಯರಿಗೂ ತಾನೇ ವೈದ್ಯನಂತೆ ನಿಂತು ಶುಶ್ರೂಷೆ ಮಾಡಿದುದನ್ನು ಆತ 1954ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಹತ್ತು ವರ್ಷಗಳ ತರುವಾಯ, 1928ರ ಜೂನ್ 28ರಂದು, ಶಿಕಾಗೋದಲ್ಲಿ ಅವನ ‘ವೆಸ್ಟ್ ಎಂಡ್ ಬ್ಲೂಸ್’ ಮುದ್ರಣವಾಯಿತು. ಯಾವ ಪಕ್ಕವಾದ್ಯವೂ ಇಲ್ಲದೆ ಟ್ರಂಪೆಟ್ ಒಂದೇ ಆಗಸಕ್ಕೇರಿ ಇಳಿಯುವ ಅದರ ಆರಂಭವೂ, ಕೊನೆಯ ಭಾಗದಲ್ಲಿ ತಾರಸ್ಥಾಯಿಯ ಒಂದೇ ಸ್ವರವನ್ನು ನಾಲ್ಕು ಆವರ್ತಗಳಷ್ಟು ಕಾಲ ಹಿಡಿದು ನಿಲ್ಲಿಸುವ ಆ ಉಸಿರೂ ಲೋಕವಿಖ್ಯಾತವಾಗಿವೆ. ಆಮ್ಲಜನಕದ ಸಿಲಿಂಡರಿಗಾಗಿ ಜನ ರಾತ್ರಿಯಿಡೀ ಅಲೆಯುತ್ತಿದ್ದ 2021ರ ಮೇ ತಿಂಗಳಲ್ಲಿ ಆ ದೀರ್ಘಸ್ವರವನ್ನು ಕೇಳುತ್ತಿದ್ದಾಗ, ಆರೋಗ್ಯವಂತನ ಪುಪ್ಪುಸವೆಂಬುದು ಎಂತಹ ಐಶ್ವರ್ಯವೆಂದು ನೆನೆದು ಕಣ್ಣು ತೇವವಾಯಿತು. 

ಅದೇ ಮೇ ತಿಂಗಳಲ್ಲಿ ನಮ್ಮ ಮನೆಗೂ ಸೋಂಕು ಬಂತು. ನನ್ನ ಅಕ್ಕ ಮಹಡಿಯ ಕೋಣೆಯಲ್ಲಿ ಒಬ್ಬಳೇ ಇರಬೇಕಾಯಿತು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರಿನ ಅಂಕೆಯನ್ನು ಕೆಳಗಿನಿಂದ ಕೂಗಿ ಕೇಳಿ, ಕಾಗದದಲ್ಲಿ ಬರೆದುಕೊಳ್ಳುವುದು ನಮ್ಮ ದಿನಚರಿಯಾಯಿತು. ರಾತ್ರಿ ನಿದ್ದೆ ಬಾರದೆಂದು ಅವಳು ಹೇಳಿದಾಗ, ಮೆಟ್ಟಲಿನ ಮೇಲೆ ಸ್ಪೀಕರನ್ನಿರಿಸಿ ಪಿಯಾನೋ ವಾದಕ ಕೀತ್ ಜಾರೆಟ್ಟನ ‘ದಿ ಮೆಲೊಡಿ ಅಟ್ ನೈಟ್, ವಿತ್ ಯು’ ಎಂಬ ಮುದ್ರಿಕೆಯನ್ನು ಸಣ್ಣ ದನಿಯಲ್ಲಿ ಹಾಕಿದೆ. ಅದರ ಹುಟ್ಟಿನ ಕಥೆಯೂ ರೋಗದ ಕಥೆಯೇ. ದೀರ್ಘಕಾಲದ ಆಯಾಸರೋಗದಿಂದ ಜಾರೆಟ್ಟನು ವೇದಿಕೆಯನ್ನೇ ತೊರೆದಿದ್ದ ದಿನಗಳಲ್ಲಿ, ಪಿಯಾನೋದ ಮುಂದೆ ಹೆಚ್ಚು ಹೊತ್ತು ಕೂರುವ ಶಕ್ತಿಯಿಲ್ಲದೆ, 1998ರಲ್ಲಿ ತನ್ನ ಮನೆಯಲ್ಲಿಯೇ ಹಳೆಯ ಪ್ರೇಮಗೀತೆಗಳನ್ನು ಅಲಂಕಾರವಿಲ್ಲದೆ ನುಡಿಸಿ ಮುದ್ರಿಸಿಕೊಂಡು ಪತ್ನಿಗೆ ಕೊಟ್ಟನು. ಗಂಟೆಗಟ್ಟಲೆ ಎಡೆಬಿಡದೆ ಕಲ್ಪನೆಯ ಪ್ರವಾಹವನ್ನೇ ಹರಿಸುತ್ತಿದ್ದ ವಾದಕನು ಇಲ್ಲಿ ರಾಗಭಾವವನ್ನಷ್ಟೇ ಉಳಿಸಿಕೊಂಡಿದ್ದಾನೆ. ಜಾಜ್ ಎಂದರೇನೆಂದು ಎಂದೂ ವಿಚಾರಿಸದ ಅಕ್ಕ ಮೇಲಿನಿಂದ, “ಯಾರೋ ಅದು, ಇಷ್ಟು ಮೆಲ್ಲಗೆ ನುಡಿಸುತ್ತಿರುವವರು?” ಎಂದು ಕೇಳಿದಳು. ಹೆಸರು ಹೇಳಿದೆ. “ಅವರಿಗೂ ಮೈ ಚೆನ್ನಾಗಿರಲಿಲ್ಲವೇನೋ, ಪಾಪ,” ಎಂದಳು. ಅಕ್ಕ ಗುಣವಾಗಿ ಕೆಳಗಿಳಿದು ಬಂದಳು. ಜಾರೆಟ್ಟನಿಗೆ 2018ರಲ್ಲಿ ಎರಡು ಬಾರಿ ಪಾರ್ಶ್ವವಾಯು ಬಡಿದು, ಎಡಗೈ ಸ್ವಾಧೀನ ತಪ್ಪಿತು. ಮತ್ತೆ ವೇದಿಕೆಯೇರುವ ಸಂಭವವಿಲ್ಲವೆಂಬ ವಾರ್ತೆಯನ್ನು ಅವನು ಲೋಕಕ್ಕೆ ತಿಳಿಸಿದ್ದು 2020ರ ಅಕ್ಟೋಬರಿನಲ್ಲಿ.

ಧ್ವನಿಮುದ್ರಿಕೆಗಳು ನಮಗೆ ಮಾಡಿದ ಉಪಕಾರವನ್ನು ಇಷ್ಟು ಹೇಳಿದ ಮೇಲೆ, ಅವು ಮಾಡಲಾರದ್ದನ್ನೂ ಹೇಳಬೇಕು. ಅವು ಕೇಳುವವರನ್ನು ಪೊರೆದವು, ನುಡಿಸುವವರನ್ನು ಪೊರೆಯಲಿಲ್ಲ. ಅಂತರಜಾಲದಲ್ಲಿ ಹಾಡೊಂದನ್ನು ನಾವು ಕೇಳಿದಾಗ ಕಲಾವಿದನ ಕೈ ಸೇರುವುದು ಒಂದು ಬಿಡಿಕಾಸಿಗೂ ಕಡಿಮೆ. ನೂರು ಜನರಿಗೆ ಚೀಟಿ ಮಾರಿ ನಡೆಯುವ ಗೋಷ್ಠಿ, ಮದುವೆ, ಉತ್ಸವ, ಪಾಠ ಇವುಗಳಿಂದಲೇ ಲೋಕದ ಬಹುಪಾಲು ಸಂಗೀತಗಾರರ ಒಲೆ ಉರಿಯುವುದು. ಕರಾವಳಿಯಲ್ಲಿ ಕದ್ರಿ ಗೋಪಾಲನಾಥರ ಪ್ರಭಾವದಿಂದ ಸ್ಯಾಕ್ಸೋಫೋನು ಮದುವೆಮನೆಗಳ, ದೇವಸ್ಥಾನಗಳ ಮಂಗಳವಾದ್ಯವಾಗಿ, ಅದರಿಂದಲೇ ಬದುಕುವ ಎಷ್ಟೋ ಕುಟುಂಬಗಳುಂಟು. ಮದುವೆಗೆ ಐವತ್ತು ಜನರ ಮಿತಿ ಬಂದು, ಜಾತ್ರೆ ಉತ್ಸವಗಳು ನಿಂತಾಗ, ಕರೆಯುವವರಿಲ್ಲದೆ ಅವರ ವಾದ್ಯಗಳು ಪೆಟ್ಟಿಗೆ ಸೇರಿದವು. ಜನರ ಪ್ರಾಣರಕ್ಷಣೆಗೆ ಆ ಮಿತಿ ಅಗತ್ಯವಾಗಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರ ಸಂಜೆ ವೃಂದಗಾನದ ಅಭ್ಯಾಸಕ್ಕೆ ಕೂಡಿದ 61 ಮಂದಿಯಲ್ಲಿ 53 ಮಂದಿಗೆ ರೋಗ ತಗುಲಿ ಇಬ್ಬರು ತೀರಿಕೊಂಡರೆಂಬುದನ್ನು ತಿಳಿದ ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಎಲ್ಲರ ಕ್ಷೇಮಕ್ಕಾಗಿ ಒಂದು ವರ್ಗದವರ ಜೀವನೋಪಾಯವನ್ನು ನಿಲ್ಲಿಸಿದ ಮೇಲೆ ಆ ವರ್ಗವನ್ನು ಸಲಹುವುದು ಎಲ್ಲರ ಹೊಣೆ. ಅಮೆರಿಕದಲ್ಲಿ ಜಾಜ್ ಫೌಂಡೇಶನ್ ಎಂಬ ಸಂಸ್ಥೆಯು ನಿಧಿ ಕೂಡಿಸಿ ವಾದಕರ ಮನೆಬಾಡಿಗೆಗೂ ದಿನಸಿಗೂ ನೆರವಾಯಿತು. 2020ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರವು ಮುಚ್ಚಿಹೋದ ರಂಗಸ್ಥಳಗಳಿಗಾಗಿ 1,500 ಕೋಟಿ ಡಾಲರನ್ನು ತೆಗೆದಿರಿಸಿತು. ನಮ್ಮ ರಾಜ್ಯದಲ್ಲಿ 2021ರ ಮೇ ತಿಂಗಳ ಪರಿಹಾರದಲ್ಲಿ ಕಲಾವಿದರಿಗೆ ಗೊತ್ತುಪಡಿಸಿದ ಮೊತ್ತವು ತಲಾ 3,000 ರೂಪಾಯಿ. ಅದನ್ನು ಕೊಟ್ಟದ್ದು ಒಳ್ಳೆಯದೇ. ಅದು ಸಾಲದೆಂಬುದೂ ನಿಶ್ಚಯ. ಕಲಾವಿದರ ಆರೋಗ್ಯವಿಮೆ, ಕಷ್ಟಕಾಲದ ಮಾಸಾಶನ ಇವುಗಳಿಗೆ ಶಾಶ್ವತವಾದ ಏರ್ಪಾಡು ಈಗಲೇ ಆಗಬೇಕು. ಮುಂದಿನ ವ್ಯಾಧಿಯು ಬಾಗಿಲಿಗೆ ಬಂದಾಗ ಅದನ್ನು ಚರ್ಚಿಸುವುದು ತಡವಾದೀತು.

ಸರ್ಕಾರವು ಮಾಡಬೇಕಾದುದು ಅದು. ಕೇಳುವವರಾದ ನಮ್ಮ ಪಾಲಿನದು ಬೇರೆ ಇದೆ. ವಿಲೇಜ್ ವ್ಯಾನ್‌ಗಾರ್ಡಿನ ಬಾಗಿಲು 2021ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. ನಮ್ಮ ಊರಿನ ಸಭೆಗಳೂ ಕ್ಲಬ್ಬುಗಳೂ ಅಂಜುತ್ತಂಜುತ್ತ ದೀಪ ಹಚ್ಚಿದವು. ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಜಾಜ್ ಆಗಲಿ, ಕರ್ಣಾಟಕ ಸಂಗೀತವಾಗಲಿ, ಬಡಾವಣೆಯ ಆರ್ಕೆಸ್ಟ್ರಾವೇ ಆಗಲಿ, ಹತ್ತಿರದಲ್ಲಿ ನಡೆಯುವ ಒಂದು ಸಣ್ಣ ಗೋಷ್ಠಿಗೆ ಈ ತಿಂಗಳು ಹೋಗಿ ಬನ್ನಿ. ಪರಿಚಯದ ಸಲಿಗೆಯಿಂದ ಪುಕ್ಕಟೆ ಪಾಸು ಕೇಳದೆ ಹಣ ಕೊಟ್ಟು ಚೀಟಿ ಕೊಳ್ಳಿ, ಫೋನನ್ನು ಜೇಬಿನಲ್ಲಿಡಿ, ತನಿ ಆವರ್ತನದ ಹೊತ್ತಿಗೆ ಎದ್ದುಹೋಗದೆ ಮಂಗಳದವರೆಗೂ ಕೂತಿರಿ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಧ್ವನಿವರ್ಧಕದ ಮುದ್ರಿಕೆಯನ್ನು ಬಿಟ್ಟು, ಊದುವ ಬಾರಿಸುವ ಮನುಷ್ಯರನ್ನು ಕರೆಸಿ, ಚೌಕಾಸಿ ಮಾಡದೆ ಸಂಭಾವನೆ ಕೊಡಿ. ಮಹಾಮಾರಿಯ ಎರಡು ವರ್ಷ ಕಾದ ಅವರ ಒಲೆ ಉರಿಯುವುದು ಆ ಹಣದಿಂದಲೇ.